ಪೆಟ್ಟಿಗೆಗಳ ನಡುವೆ ನಿಂತವಳು

ಸಣ್ಣಸ್ವಾಮಿ ಹೋದದ್ದು ಬೇಸಿಗೆಯ ಒಂದು ಬೆಳಿಗ್ಗೆ, ಪೆರುಂಬಾಡಿಯ ಬಸ್ ತಂಗುದಾಣದಲ್ಲಿ, ಕೂತ ಕಡೆಯೇ. ಪಕ್ಕದಲ್ಲಿದ್ದವರು ತೂಕಡಿಸುತ್ತಿದ್ದಾನೆ ಎಂದುಕೊಂಡರು. ಬಸ್ಸು ಬಂದರೂ ಏಳದಿದ್ದುದನ್ನು ಕಂಡು ಕಂಡಕ್ಟರ್ ಕೆಳಗಿಳಿದು ಬಂದು ಭುಜ ಮುಟ್ಟಿದ. ಅದೇ ಬಸ್ಸಿನಲ್ಲಿ ಅವನು ವರ್ಷಾನುಗಟ್ಟಲೆ ಕೇರಳ ಗಡಿಯ ಮಾಕುಟ್ಟದ ಅರಣ್ಯ ಚೆಕ್‌ಪೋಸ್ಟಿಗೆ ಕೆಲಸಕ್ಕೆ ಹೋಗಿ ಬಂದಿದ್ದ. ಗೇಟಿನ ಹಗ್ಗ ಎಳೆಯುವುದು, ಬಿಡುವುದು, ಲಾರಿಯ ಹಿಂದೆ ಹತ್ತಿ ಮರದ ದಿಮ್ಮಿ ಇದೆಯೋ ಎಂದು ನೋಡುವುದು, ಮತ್ತೆ ಹಗ್ಗ ಎಳೆಯುವುದು. ಅವನ ಕೆಲಸ ಇಷ್ಟೇ.

ಸತ್ತವರ ಬಗ್ಗೆ ನಾಲ್ಕು ಒಳ್ಳೆಯ ಮಾತಾಡುವುದು ರೂಢಿ. ಅವನನ್ನು ನೋಡಲು ಬಂದವರು ಆಡಿದ್ದು ಎರಡು ಮಾತು: ಕೈ ಶುದ್ಧವಿತ್ತು, ಸ್ವಲ್ಪ ಗತ್ತು ಇತ್ತು. ಎಷ್ಟು ಕೂಗಿದರೂ ತಿರುಗಿ ನೋಡುತ್ತಿರಲಿಲ್ಲ ಎಂದು ಲಾರಿ ಡ್ರೈವರೊಬ್ಬ ಹೇಳಿದ. ಮೊದಲ ಮಾತು ನಿಜ. ಎರಡನೆಯದಕ್ಕೆ ಉತ್ತರವಿದೆ. ಆ ಉತ್ತರ ಹೇಳಬೇಕಾದರೆ ಅವನು ಕೊಂಡ ಹಳೆಯ ಸ್ಪೀಕರುಗಳ ಸಂಗತಿಯನ್ನೇ ಹೇಳಬೇಕು.

ಅವನ ಊರು ಕುಶಾಲನಗರದ ಆಚೆಯ ಶಿರಂಗಾಲ. ಅಜ್ಜನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ಹೊಳೆಯ ಹತ್ತಿರ ಹೊಲ ಮಾಡಿಕೊಂಡ ಒಕ್ಕಲು ಮನೆತನ. ಅಲ್ಲಿ ಬಯಲು, ಬಿಸಿಲು, ರಾಗಿ, ಹೊಗೆಸೊಪ್ಪು. ಘಾಟಿಯ ಮಳೆಕಾಡಿನ ಮಾಕುಟ್ಟವೂ ಅದೇ ಜಿಲ್ಲೆಯಲ್ಲಿದೆ ಎಂದರೆ ಅವನ ಊರಿನವರು ನಂಬುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿ ವೀಣಾ ಪೆರುಂಬಾಡಿಗೆ ಬಂದು ಒಂದು ಮಳೆಗಾಲ ಕಳೆದಳು. ಎರಡನೆಯದು ಹಿಡಿಯುವ ಮೊದಲೇ ಸೀರೆಗಳನ್ನೆಲ್ಲ ಬಿಸಿಲಿಗೆ ಹರವಿ, ಮಡಚಿ ಟ್ರಂಕಿಗೆ ಹಾಕಿ, "ಈ ಮಳೆ ನನ್ ಕೈಲಾಗಕಿಲ್ಲ, ನೀವೇ ಬತ್ತಾ ಇರಿ" ಎಂದು ಊರಿಗೆ ಹೋದಳು. ಜಗಳವೇನೂ ಇರಲಿಲ್ಲ. ಅಲ್ಲಿ ಅವಳಿಗೆ ಅಂಗನವಾಡಿಯ ಕೆಲಸ ಸಿಕ್ಕಿತು. ಇವನು ಗೌರಿ ಹಬ್ಬಕ್ಕೆ ಹೋಗಿ ಸೀರೆ ಕೊಟ್ಟು, ಯುಗಾದಿಗೆ ಹೋಗಿ ಹೊಸತೊಡಕಿನ ಮಾಂಸದ ಸಾರು ಉಂಡು ಬರುತ್ತಿದ್ದ. ಮಕ್ಕಳಾಗಲಿಲ್ಲ. ಬರಬರುತ್ತ, ಇದೂ ಒಂದು ಸಂಸಾರವೇ ಎಂದು ಇಬ್ಬರೂ ಬಾಯಿಬಿಟ್ಟು ಹೇಳದೆ ಒಪ್ಪಿಕೊಂಡ ಹಾಗಾಯಿತು.

ಪೆರುಂಬಾಡಿಯಲ್ಲಿ ಅವನಿದ್ದದ್ದು ಶಕುಂತಲಮ್ಮ ಎಂಬುವರ ಮನೆಯ ಹಿಂಬದಿಯ ಎರಡು ಕೋಣೆಗಳಲ್ಲಿ. ಮಾತಿಗೆ ಇದ್ದವರು ಒಬ್ಬರೇ, ವಿರಾಜಪೇಟೆಯ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದ ತಿಮ್ಮಪ್ಪಯ್ಯ ಮೇಷ್ಟ್ರು. ಒಂದೇ ನಿಲ್ದಾಣದಲ್ಲಿ ಎದುರುಬದುರಿನ ಬಸ್ಸುಗಳಿಗೆ ಕಾಯುತ್ತ ಬೆಳೆದ ಸ್ನೇಹ ಅದು. ನಿವೃತ್ತಿಯಾದ ಮೇಲೂ ಅವರು ಸಂಜೆಯ ನಡಿಗೆಯ ನೆಪದಲ್ಲಿ ಬಂದು ಜಗಲಿಯ ಮೇಲೆ ಕೂತು ಹೋಗುತ್ತಿದ್ದರು. ಸ್ಪೀಕರು ಕೊಂಡ ವರ್ಷ ಅವರ ಮಗಳು ತನ್ಮಯೀಯ ಬಾಣಂತನಕ್ಕೆಂದು ಗಂಡಹೆಂಡಿರಿಬ್ಬರೂ ಮೈಸೂರಿಗೆ ಹೋದರು. ಮಳೆ ಹಿಡಿಯಿತು. ಸಣ್ಣಸ್ವಾಮಿ ಕೆಲಸದಿಂದ ಬಂದು ಬೀಗ ತೆಗೆದು ಒಳಗೆ ಕಾಲಿಟ್ಟರೆ, ಬೆಳಿಗ್ಗೆ ಇಟ್ಟ ಲೋಟ ಇಟ್ಟಲ್ಲೇ ಇರುತ್ತಿತ್ತು. ಅದು ಬೇರೆ ಕಡೆ ಇರಲು ಕಾರಣವೇ ಇಲ್ಲ. ಆದರೂ ಅವನು ದಿನಾ ಒಮ್ಮೆ ಆ ಕಡೆ ನೋಡುತ್ತಿದ್ದ.

ಆ ಜೂನಿನಲ್ಲೇ ಘಾಟಿಯಲ್ಲಿ ಒಂದು ದೊಡ್ಡ ಮರ ರಸ್ತೆಗೆ ಅಡ್ಡ ಬಿತ್ತು. ಮೇಲಿನ ಗಾಡಿ ಮೇಲೆ, ಕೆಳಗಿನದು ಕೆಳಗೆ. ಗೇಟಿನ ಹತ್ತಿರ ನಿಂತ ಕಾರೊಂದರಲ್ಲಿ ವಯಸ್ಸಾದ ಮಾಪಿಳ್ಳೆಯೊಬ್ಬರು ಬೆವರುತ್ತ ಕೂತಿದ್ದರು. ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಊಟವಾಗಿರಲಿಲ್ಲ. ಸಣ್ಣಸ್ವಾಮಿ ತನ್ನ ಬುತ್ತಿ ಬಿಚ್ಚಿ ಅವರ ಮುಂದಿಟ್ಟ.

"ಇದೆಂಥ, ಕರಿಕಲ್ಲಾ?" ಎಂದರು ಅವರು ಮುದ್ದೆ ನೋಡಿ.

"ರಾಗಿ ಮುದ್ದೆ ಕಾಕಾ. ಅಗೀಬ್ಯಾಡಿ, ನುಂಗಿ."

"ಅಗಿಯದೆ ನುಂಗಿದ್ರೆ ಸತ್ತೋಗ್ತೇನಲ್ಲ."

"ಉಣ್ಣದಿದ್ರೂ ಸಾಯ್ತೀರಿ. ಉಂಡೇ ಸಾಯಿರಿ."

ಅವರು ನಕ್ಕು, ನುಂಗಿ, ಬದುಕಿಕೊಂಡರು. ಹೆಸರು ಕುಂಞಮ್ಮದ್. ಚಿಕ್ಕಂದಿನಲ್ಲಿ ವಿರಾಜಪೇಟೆಯಲ್ಲಿ ಮೆಣಸಿನ ವ್ಯಾಪಾರ ಕಲಿತು, ಆಮೇಲೆ ಮಸ್ಕತ್ತಿಗೆ ಹೋಗಿ ಅಲ್ಲಿನ ಐಸ್ ಫ್ಯಾಕ್ಟರಿಯಲ್ಲಿ ಅರ್ಧ ಆಯುಷ್ಯ ಕಳೆದು, ಈಗ ಗಡಿಯಾಚೆಯ ಇರಿಟ್ಟಿಯಲ್ಲಿ ಮನೆ ಕಟ್ಟಿಕೊಂಡಿದ್ದವರು. ಮರ ಕಡಿದು ರಸ್ತೆ ಬಿಟ್ಟಾಗ, "ಸಾಮೀ, ಒಂದು ಭಾನುವಾರ ನಮ್ಮ ಮನೆಗೆ ಬರಬೇಕು. ನಿನ್ನ ಕರಿಕಲ್ಲಿಗೆ ನಾನು ಬಿರಿಯಾಣಿ ತೀರಿಸ್ತೇನೆ" ಎಂದು ಹೇಳಿ ಹೋದರು.

ಹೋಗುವ ಮನಸ್ಸೇನೂ ಇರಲಿಲ್ಲ. ಆದರೆ ಭಾನುವಾರ ಬಂತು, ಮಳೆಯೂ ಬಂತು, ಮನೆಯಲ್ಲಿ ಲೋಟ ಇಟ್ಟಲ್ಲೇ ಇತ್ತು. ಹೋದ.

ಊಟವಾದ ಮೇಲೆ ಕುಂಞಮ್ಮದ್ ಅವನನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋಗಿ ಅಲ್ಲಿದ್ದ ಒಂದೇ ಒಂದು ಕುರ್ಚಿಯಲ್ಲಿ ಕೂರಿಸಿದರು. ಎದುರಿಗೆ ಸೊಂಟದೆತ್ತರದ ಎರಡು ಮರದ ಪೆಟ್ಟಿಗೆಗಳು, ನಡುವೆ ಬರಿಯ ಗೋಡೆ. ಅವರು ಹಿಂದೆ ಹೋಗಿ ಏನೋ ಒತ್ತಿದರು. ಒಬ್ಬ ಹೆಂಗಸು ಹಾಡಲು ತೊಡಗಿದಳು. ಅರಬಿಯೋ ಏನೋ, ಸಣ್ಣಸ್ವಾಮಿಗೆ ಒಂದು ಶಬ್ದವೂ ತಿಳಿಯಲಿಲ್ಲ. ಆದರೆ ಅವಳು ಪೆಟ್ಟಿಗೆಯೊಳಗಿನಿಂದ ಹಾಡುತ್ತಿರಲಿಲ್ಲ. ಎರಡು ಪೆಟ್ಟಿಗೆಗಳ ನಡುವೆ, ಆ ಬರಿಯ ಗೋಡೆಯ ಮುಂದೆ, ಎದ್ದು ನಿಂತು ಹಾಡುತ್ತಿದ್ದಳು. ಉಸಿರು ತೆಗೆದುಕೊಂಡದ್ದು ಕೇಳಿಸಿತು. ತುಟಿ ಎಷ್ಟೆತ್ತರದಲ್ಲಿದೆ ಎಂದು ಕೈಮಾಡಿ ತೋರಿಸಬಹುದಿತ್ತು. ಅವನು ಎದ್ದು ಹೋಗಿ ಆ ಜಾಗದಲ್ಲಿ ಕೈಯಾಡಿಸಿದ.

ಕುಂಞಮ್ಮದ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಾನೂ ಮೊದಲ ಸಲ ಹಾಗೇ ಮಾಡಿದ್ದು ಸಾಮೀ! ಮಸ್ಕತ್ತಿನಲ್ಲಿ ಒಬ್ಬ ಇಂಗ್ಲಿಷಿನವ ಊರಿಗೆ ಹೋಗುವಾಗ ಮಾರಿದ್ದು. ಹಡಗಿನಲ್ಲಿ ತರಿಸಿದೆ. ಇಷ್ಟು ವರ್ಷ ಇವಳು ನನ್ನ ಜೊತೆ ಇದ್ದಾಳೆ. ನನ್ನ ಹೆಂಡತಿಗೆ ಇವಳನ್ನು ಕಂಡರೆ ಆಗುವುದಿಲ್ಲ."

"ಯಾಕೆ?"

"ನಾನು ಅವಳ ಮಾತು ಕೇಳುವುದಿಲ್ಲ, ಇವಳದ್ದು ಕೇಳ್ತೇನಂತೆ."

ಅವರು ಆ ಮಳೆಗಾಲ ಕಳೆದ ಮೇಲೆ ಕಣ್ಣೂರಿನಲ್ಲಿರುವ ಮಗನ ಫ್ಲ್ಯಾಟಿಗೆ ಹೋಗುವವರಿದ್ದರು. ಅಲ್ಲಿ ಇಂಥ ಪೆಟ್ಟಿಗೆಗೆ ಜಾಗವಿರಲಿಲ್ಲ. ಸಣ್ಣಸ್ವಾಮಿ ತಾನು ಏನು ಹೇಳುತ್ತಿದ್ದೇನೆ ಎಂದು ಯೋಚಿಸುವ ಮೊದಲೇ, "ನಂಗೆ ಕೊಡಿ ಕಾಕಾ" ಎಂದುಬಿಟ್ಟಿದ್ದ. ವ್ಯವಹಾರದ ಮಾತು ಚಹಾ ಆರುವುದರೊಳಗೆ ಮುಗಿಯಿತು. ಆಂಪ್ಲಿಫೈಯರ್ ಮಾತ್ರ ಮಗ ಕೇಳಿದ್ದಾನೆ, ಕೊಡುವ ಹಾಗಿಲ್ಲ ಎಂದರು. ಆ ಹೆಂಗಸಿನ ಸಿ.ಡಿ.ಯನ್ನು ಮಾತ್ರ ತಾವೇ ತೆಗೆದು ಕೈಗಿಟ್ಟರು. ಪೆಟ್ಟಿಗೆಗಳ ಬೆನ್ನಿಗೆ ಅವರು ಎಂದೋ ಸೀಮೆಸುಣ್ಣದಲ್ಲಿ ಮಲೆಯಾಳದಲ್ಲಿ ಬರೆದಿದ್ದರು. ಯಾವುದು ಎಡದ್ದು, ಯಾವುದು ಬಲದ್ದು ಎಂದು ಓದಿ ಹೇಳಿದರು.

ಜೀಪಿನಲ್ಲಿ ಹೇರಿಕೊಂಡು ಬರುವಾಗ ಮಾಕುಟ್ಟದ ಗೇಟಿನಲ್ಲಿ ಸಣ್ಣಸ್ವಾಮಿಯ ಜೊತೆಗಾರ ಕರಿಯ ಹಗ್ಗ ಬಿಡಲೇ ಇಲ್ಲ.

"ಇಳಿಯಣ್ಣ, ಇಳಿ. ತೇಗದ ಮಾಲು. ಕೇಸ್ ಬರೀಬೇಕು."

"ಲೇ, ಹಾಡೋ ಪೆಟ್ಗೆ ಕಣೋ."

"ಎಲ್ಲಾ ಕಳ್ಳರೂ ಹಂಗೇ ಹೇಳೋದು. ಹಾಡ್ಸು ಮತ್ತೆ."

"ಕರೆಂಟ್ ಬೇಕು ಅದಕ್ಕೆ."

"ಹಾಡಾದ್ರೆ ನೀನೇ ಹಾಡು, ಬಿಡ್ತೀನಿ." ಕೊನೆಗೆ ಸಣ್ಣಸ್ವಾಮಿ ಜೀಪಿನಲ್ಲಿ ಕೂತೇ ಊರ ಕಡೆಯ ಒಂದು ಸೋಬಾನೆ ಪದದ ಎರಡು ಸಾಲು ಹೇಳಿದ. ಹಗ್ಗ ಸಡಿಲವಾಯಿತು. ಅವನು ಹಾಡಿದ್ದನ್ನು ಆ ಗೇಟಿನಲ್ಲಿ ಯಾರೂ ಅದಕ್ಕೆ ಮೊದಲು ಕೇಳಿರಲಿಲ್ಲ ಎಂದು ಕರಿಯ ಈಗಲೂ ಹೇಳುತ್ತಾನೆ.

ವಿರಾಜಪೇಟೆಯ ರಿಪೇರಿ ಅಂಗಡಿಯಲ್ಲಿ ಹಳೆಯದೊಂದು ಆಂಪ್ಲಿಫೈಯರನ್ನೂ ಸಿ.ಡಿ. ಹಾಕುವ ಯಂತ್ರವನ್ನೂ ಕೊಂಡ. ಅಂಗಡಿಯವನು ಗುಂಡಿಗಳನ್ನೆಲ್ಲ ತೋರಿಸಿ, "ಇದು ಸದ್ದು ಜಾಸ್ತಿ ಕಮ್ಮಿ ಮಾಡೋದು. ಈ ನಡುವಿಂದು ನೆಟ್ಟಗೇ ಇರ್ಲಿ, ಇದನ್ನ ಮಾತ್ರ ಮುಟ್ಬೇಡಿ" ಎಂದ. ಸಣ್ಣಸ್ವಾಮಿ ಮುಟ್ಟಬಾರದ್ದನ್ನು ಮುಟ್ಟುವ ಪೈಕಿ ಅಲ್ಲ. ಎಡದ ಪೆಟ್ಟಿಗೆ ಎಡಕ್ಕೆ, ಬಲದ್ದು ಬಲಕ್ಕೆ ಇಟ್ಟ. ನಡುವೆ ಗೋಡೆ ಖಾಲಿ ಮಾಡಿದ, ಕ್ಯಾಲೆಂಡರನ್ನೂ ತೆಗೆದ. ಸ್ನಾನ ಮಾಡಿ, ಶುಭ್ರ ಪಂಚೆ ಉಟ್ಟು ಕುರ್ಚಿಯಲ್ಲಿ ಕೂತು ಹಾಡು ಹಾಕಿದ.

ಅವಳು ಬರಲಿಲ್ಲ.

ದನಿ ಬಂತು, ಒಳ್ಳೆಯ ದನಿಯೇ. ಆದರೆ ಅದು ಬಲಗಡೆಯ ಪೆಟ್ಟಿಗೆಗೆ ಅಂಟಿಕೊಂಡಿತ್ತು. ನಡುವೆ ಬರಿಯ ಗೋಡೆ, ಕ್ಯಾಲೆಂಡರಿನ ಮೊಳೆ. ಅವನು ಕುರ್ಚಿಯನ್ನು ಹಿಂದೆ ಸರಿಸಿದ, ಮುಂದೆ ಎಳೆದ. ಪೆಟ್ಟಿಗೆಗಳ ಕೆಳಗೆ ಇಟ್ಟಿಗೆ ಕೊಟ್ಟ, ತೆಗೆದ. ಕಣ್ಣು ಮುಚ್ಚಿ ನೋಡಿದ. ಹೆಂಗಸು ಬಲಗಡೆಯ ಪೆಟ್ಟಿಗೆಯೊಳಗೆ ಕೂತೇ ಇದ್ದಳು, ಬಾಗಿಲು ತೆರೆದಿದ್ದರೂ ಒಳಗೆ ಬರಲೊಲ್ಲದ ನೆಂಟರ ಹಾಗೆ. ಇರಿಟ್ಟಿಯಲ್ಲಿ ಅಷ್ಟು ಸಲೀಸಾಗಿ ಎದ್ದು ನಿಂತವಳು ಇಲ್ಲಿ ಯಾಕೆ ನಿಲ್ಲುವುದಿಲ್ಲ? ತನ್ನ ಮನೆಯಲ್ಲಿ ಯಾರೂ ನಿಲ್ಲುವುದಿಲ್ಲ ಎಂಬ ಮಾತು ಮನಸ್ಸಿಗೆ ಬಂತು. ಅದನ್ನು ಹೊರಗಟ್ಟಿ ಮತ್ತೆ ಕುರ್ಚಿ ಸರಿಸಿದ.

ದಿನಗಳು ಹೀಗೇ ಹೋದವು. ಗೇಟಿನಲ್ಲಿ ಕೂತಾಗಲೂ ಅದೇ ಧ್ಯಾನ. ಎಡದ ಪೆಟ್ಟಿಗೆಗೆ ಏನೋ ಆಗಿದೆ ಎಂಬುದು ಖಚಿತವಾಯಿತು. ಪೆಟ್ಟಿಗೆಗಳನ್ನು ಅದಲು ಬದಲು ಮಾಡಿ ನೋಡುವ ಯೋಚನೆ ಯಾರಿಗಾದರೂ ಮೊದಲು ಬರಬೇಕಿತ್ತು. ಅವನಿಗೆ ಬರಲಿಲ್ಲ, ಬರುವುದು ಸಾಧ್ಯವೂ ಇರಲಿಲ್ಲ. ಅವನು ಬೆಳೆದದ್ದು ಎತ್ತು ಕಟ್ಟಿ ಉಳುವ ಮನೆಯಲ್ಲಿ. ನೊಗದ ಎಡಕ್ಕೆ ಪಳಗಿದ ಎತ್ತನ್ನು ಎಡಕ್ಕೇ ಕಟ್ಟಬೇಕು. ಬಲಕ್ಕೆ ಕಟ್ಟಿದರೆ ಅದು ಜೊತೆಯದನ್ನು ತಳ್ಳುತ್ತದೆ, ಸಾಲು ಸೊಟ್ಟಗಾಗುತ್ತದೆ, ಹಟ ಹಿಡಿದರೆ ಎರಡೂ ಕೆಡುತ್ತವೆ. ಬೆನ್ನ ಮೇಲೆ ಎಡ ಎಂದು ಬರೆದ ಪೆಟ್ಟಿಗೆಯನ್ನು ಬಲಕ್ಕೆ ಇಡುವುದು ಅವನ ಲೆಕ್ಕದಲ್ಲಿ ತಪ್ಪಷ್ಟೇ ಅಲ್ಲ, ಜೋಡಿಗೆ ಮಾಡುವ ಅನ್ಯಾಯ.

ಶಕುಂತಲಮ್ಮ ಬಾಗಿಲಲ್ಲಿ ನಿಂತು ಕೇಳಿ, "ಶೀತ ಹಿಡಿದಿರ್ಬೇಕು ಮಾರಾಯಾ. ನನ್ನ ರೇಷ್ಮೆ ಸೀರೆಗೇ ಬೂಸ್ಟು ಬಂದುಂಟು. ಅದು ಮರ ಅಲ್ವಾ?" ಎಂದರು.

"ಏನ್ ಮಾಡೋದು ಶಕುಂತಲಮ್ಮೋರೇ?"

"ಒಳ್ಳೆಮೆಣಸಿಗೆ ಏನ್ ಮಾಡ್ತೇವೆ? ಅಟ್ಟಕ್ಕೆ ಹಾಕು."

ಅವರ ಅಡಿಗೆಮನೆಯಲ್ಲಿ ಸೌದೆ ಒಲೆಯ ಮೇಲೆ ಬಿದಿರಿನ ಅಟ್ಟವಿತ್ತು. ಮಳೆಗಾಲದಲ್ಲಿ ಒಣಗದೆ ಉಳಿದದ್ದೆಲ್ಲ ಅಲ್ಲಿಗೇ ಹೋಗುವುದು. ಮೆಣಸು, ಬೀಜದ ಸೌತೆ, ಬುಟ್ಟಿ, ಕೊಡೆ. ಇಬ್ಬರೂ ಸೇರಿ ಎಡದ ಪೆಟ್ಟಿಗೆಯನ್ನು ಏಣಿ ಹತ್ತಿಸಿ ಮೆಣಸಿನ ಪಕ್ಕ ಮಲಗಿಸಿದರು. ವಾರ ಕಳೆದು ಇಳಿಸಿದಾಗ ಅದಕ್ಕೆ ಹೊಗೆಯ ವಾಸನೆ ಹಿಡಿದಿತ್ತು, ಮೈ ಬೆಚ್ಚಗಿತ್ತು. ಅವನು ಅದನ್ನು ಬಾಣಂತಿಯನ್ನು ಕರೆತಂದ ಹಾಗೆ ಮೆಲ್ಲಗೆ ತಂದು ಕೂರಿಸಿದ. ಹಾಡು ಹಾಕಿದ.

ಹೆಂಗಸು ಬಲಗಡೆಯಿಂದ ಅಲ್ಲಾಡಲಿಲ್ಲ.

ಈಗ ಅವನಿಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ನೋವು. ತನ್ನ ಬುತ್ತಿ ಉಂಡ ಮನುಷ್ಯ ಸತ್ತ ಎತ್ತನ್ನು ಜೋಡಿಯಲ್ಲಿ ಸೇರಿಸಿ ಮಾರಿದನಲ್ಲ ಎಂದು. ಫೋನು ಮಾಡಿದ. "ಕಾಕಾ, ಎಡದ ಪೆಟ್ಗೆಗೆ ಉಸ್ರಿಲ್ಲ. ನಿಮ್ಗೆ ಗೊತ್ತಿತ್ತಾ?"

ಆ ಕಡೆಯಿಂದ, "ಸಾಮೀ, ನಾನು ಹಾಗೆ ಮಾಡ್ತೇನೆ ಅಂತ ನಿನಗೆ ಅನ್ನಿಸಿತಾ?"

"ಅನ್ನಿಸ್ದೆ ಇದ್ದಿದ್ರೆ ಫೋನ್ ಮಾಡ್ತಿದ್ನಾ?"

"ಆಯ್ತು. ನಾನೇ ಬರ್ತೇನೆ."

ಮಳೆ ಕೊಂಚ ಬಿಟ್ಟ ಒಂದು ಮಧ್ಯಾಹ್ನ ಕುಂಞಮ್ಮದ್ ಕಾರಿನಲ್ಲಿ ಪೆರುಂಬಾಡಿಗೆ ಬಂದರು. ಕೈಯಲ್ಲಿ ಹಲ್ವದ ಪೊಟ್ಟಣ, ಮುಖದಲ್ಲಿ ಬೇಸರ. ಸಣ್ಣಸ್ವಾಮಿ ಕುರ್ಚಿ ತೋರಿಸಿದ. ಅವರು ಕೂತರು, ಅವನು ಹಾಡು ಹಾಕಿದ. ಕುಂಞಮ್ಮದ್ ಕತ್ತು ಓರೆ ಮಾಡಿದರು, ನೇರ ಮಾಡಿದರು. ಅವರ ಮುಖದಲ್ಲಿದ್ದ ಬೇಸರ ಇಳಿದು ಗಾಬರಿ ಬಂತು.

"ಪಡಚ್ಚೋನೇ!" ಎಂದರು ದೇವರನ್ನು ನೆನೆದು. "ನಿಜ ಸಾಮೀ. ಎಡ ಇಲ್ಲ. ಎಲ್ಲ ಬಲಕ್ಕೇ ಹೋಗಿದೆ."

"ಮತ್ತೆ ನಾನ್ ಸುಳ್ಳು ಹೇಳಿದ್ನಾ?"

"ನಮ್ಮ ಮನೆಯಲ್ಲಿ ಸರಿ ಇತ್ತಲ್ಲ! ನೀನೇ ಕೈಯಾಡಿಸಿ ನೋಡಿದೆ." ಅವರು ಎದ್ದು ಪೆಟ್ಟಿಗೆಯ ಹತ್ತಿರ ಹೋಗಿ ಮೂಸಿದರು. "ಇದೆಂಥ, ಹೊಗೆಯ ವಾಸನೆ?"

"ಶೀತ ಅಂತ ಅಟ್ಟಕ್ಕೆ ಹಾಕಿದ್ದೆ."

"ಇಂಗ್ಲೆಂಡಿನ ಸ್ಪೀಕರನ್ನು ನೀನು ಮೀನು ಒಣಗಿಸಿದ ಹಾಗೆ ಒಣಗಿಸಿದ್ದೀಯಾ?" ಅವರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಹಿಡಿ, ಇತ್ತಲಿಂದ ಹಿಡಿ. ಅದು ಇಲ್ಲಿಗೆ, ಇದು ಅಲ್ಲಿಗೆ."

ಸಣ್ಣಸ್ವಾಮಿ ಕೈ ಹಾಕಲಿಲ್ಲ. "ಎಡದ್ದನ್ನ ಬಲಕ್ಕೆ ಕಟ್ಟಬಾರ್ದು ಕಾಕಾ."

"ಯಾಕೆ, ಒದೆಯುತ್ತದಾ?"

"ಜೋಡಿ ಕೆಡ್ತದೆ."

"ಇದು ಎತ್ತಲ್ಲ ಸಾಮೀ. ಹುಲ್ಲು ತಿನ್ನುವುದಿಲ್ಲ, ಸಗಣಿ ಹಾಕುವುದಿಲ್ಲ. ಎತ್ತು!"

ಎತ್ತಿ ಬದಲಿಸಿದರು. ಹೊಗೆಯ ಪೆಟ್ಟಿಗೆ ಈಗ ಬಲಕ್ಕೆ ಬಂದಿತ್ತು. ಹಾಡು ಹಾಕಿದರೆ ಅದು ಗಟ್ಟಿಯಾಗಿ ಹಾಡಿತು, ಇಷ್ಟು ದಿನ ಚೆನ್ನಾಗಿದ್ದ ಪೆಟ್ಟಿಗೆ ಎಡಕ್ಕೆ ಹೋದ ಕೂಡಲೇ ದನಿ ಕಳೆದುಕೊಂಡಿತು. ಆಂಪ್ಲಿಫೈಯರಿನ ವೈರು ಬದಲಿಸಿದರು. ಆಗಲೂ ಎಡಗಡೆಯೇ ಮಂಕು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆ ಕೋಣೆಯ ಎಡಮೂಲೆಗೇ ಏನೋ ದೋಷವಿದೆ ಎನ್ನುವಲ್ಲಿಗೆ ಮಾತು ಹೋಗಿತ್ತು. ಅಷ್ಟರಲ್ಲಿ ಗಲಾಟೆ ಕೇಳಿ ಶಕುಂತಲಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದರು.

"ನೀವೊಮ್ಮೆ ಕೂತು ಹೇಳಿ ಅಮ್ಮ" ಎಂದರು ಕುಂಞಮ್ಮದ್.

ಶಕುಂತಲಮ್ಮ ಕೂತರು. ಸ್ವಲ್ಪ ಹೊತ್ತು ಕೇಳಿದರು. "ಎಂಥದು ಹೇಳ್ಬೇಕು? ಚಂದ ಹಾಡ್ತಾಳೆ."

"ಎಲ್ಲಿಂದ ಹಾಡ್ತಾ ಅವ್ಳೆ?" ಸಣ್ಣಸ್ವಾಮಿ ಕೇಳಿದ.

"ಇಲ್ಲಿಂದ." ಅವರು ಕೈಯೆತ್ತಿ ಕ್ಯಾಲೆಂಡರಿನ ಮೊಳೆಯ ಕಡೆ ತೋರಿಸಿದರು. "ನೆಟ್ಟ ನಡುವಿಂದ. ಎರಡೂ ಸರಿ ಉಂಟು. ನಿಮ್ಮ ಕಿವಿಗೇ ಏನಾದ್ರೂ ಆಗಿರ್ಬೇಕು." ತಮಾಷೆಗೆ ಹೇಳಿದ್ದು. ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಎದ್ದು ಹೋದರು.

ಹಾಡು ನಡೆದೇ ಇತ್ತು. ಕುಂಞಮ್ಮದ್ ಮೆಲ್ಲಗೆ ತಮ್ಮ ಕೈಗಡಿಯಾರ ಬಿಚ್ಚಿದರು. ಕೀ ಕೊಡುವ ಹಳೆಯ ಗಡಿಯಾರ. ಹಾಡು ನಿಲ್ಲಿಸಿ, ಅದನ್ನು ತಮ್ಮ ಬಲಗಿವಿಗೆ ಹಿಡಿದರು, ಆಮೇಲೆ ಎಡಗಿವಿಗೆ. ಬಿಚ್ಚಿದ್ದನ್ನು ಸಣ್ಣಸ್ವಾಮಿಗೆ ಕೊಟ್ಟರು. ಅವನೂ ಬಲಕ್ಕೆ ಹಿಡಿದ: ಟಿಕ್ ಟಿಕ್ ಎಂದು ಇರುವೆಯ ಕಾಲಿನ ಹಾಗೆ ಸ್ಪಷ್ಟ. ಎಡಕ್ಕೆ ಹಿಡಿದ. ಗಡಿಯಾರ ನಿಂತುಹೋಯಿತೆಂದು ತೆಗೆದು ನೋಡಿದ. ಮುಳ್ಳು ಓಡುತ್ತಿತ್ತು.

"ಐಸ್ ಫ್ಯಾಕ್ಟರಿಯಲ್ಲಿ ನನ್ನ ಮೇಜಿನ ಎಡಕ್ಕೆ ದಿನವಿಡೀ ಗುಡುಗುವ ಕಂಪ್ರೆಸರ್ ಇತ್ತು" ಎಂದರು ಕುಂಞಮ್ಮದ್.

ಗೇಟಿನ ಗೂಡಿನಲ್ಲಿ ಕೂತರೆ ಘಾಟಿ ಇಳಿಯುವ ರಸ್ತೆ ಸಣ್ಣಸ್ವಾಮಿಯ ಎಡಕ್ಕೆ. ಲಾರಿಗಳು ತಿರುವಿನಲ್ಲಿ ಹಾರ್ನು ಒತ್ತಿ ಹಿಡಿದೇ ಬರುವುದು.

ಕುಂಞಮ್ಮದ್‌ಗೆ ಒಂದೊಂದೇ ನೆನಪಾಯಿತು. ಮಗ ಬಂದಾಗಲೆಲ್ಲ 'ಬಾಪ್ಪಾ, ಸೌಂಡು ಎಡಕ್ಕೆ ವಾಲಿದೆ' ಎಂದು ಆಂಪ್ಲಿಫೈಯರಿನಲ್ಲಿ ಎಡಬಲದ ಸದ್ದು ಹೊಂದಿಸುವ ನಡುವಿನ ಗುಂಡಿಯನ್ನು ನೆಟ್ಟಗೆ ಮಾಡಿ ಹೋಗುತ್ತಿದ್ದದ್ದು, ಅವನು ಹೋದ ಮೇಲೆ ಇವರು ಮತ್ತೆ ತಮಗೆ ಸರಿ ಕಂಡಲ್ಲಿಗೆ ತಿರುಗಿಸುತ್ತಿದ್ದದ್ದು. ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪವೇ ಎಡಕ್ಕೆ. ಮಗನಿಗೆ ಕಿವಿ ಸರಿಯಿಲ್ಲ ಎಂದು ಇವರು ಬೈದಿದ್ದೂ ಇತ್ತು. ಆ ಭಾನುವಾರ ಸಣ್ಣಸ್ವಾಮಿಯನ್ನು ಕೂರಿಸಿದ್ದು ತಮ್ಮ ಕಿವಿಗೆ ಹೊಂದಿಸಿದ ಹಾಡಿನ ಮುಂದೆ. ಅದು ಅವನ ಕಿವಿಗೂ ಹೊಂದಿಬಿಟ್ಟಿತ್ತು.

"ಮುಟ್ಟಬಾರ್ದು ಅಂದಿದ್ರು" ಎಂದ ಸಣ್ಣಸ್ವಾಮಿ, ಅವರ ಕೈ ಗುಂಡಿಯ ಕಡೆ ಹೋದಾಗ.

"ಎರಡು ಕಿವಿ ಇದ್ದವನ ಮಾತು ಅದು" ಎಂದು ಕುಂಞಮ್ಮದ್ ಗುಂಡಿಯನ್ನು ಎಡಕ್ಕೆ, ಇನ್ನೂ ಸ್ವಲ್ಪ ಎಡಕ್ಕೆ ತಿರುಗಿಸಿದರು. ಬಲಗಡೆಯ ಪೆಟ್ಟಿಗೆಯೊಳಗಿಂದ ಹೆಂಗಸು ಎದ್ದಳು. ಗೋಡೆಗುಂಟ ಮೆಲ್ಲಗೆ ನಡೆದು ಬಂದು, ಮೊಳೆಯ ಕೆಳಗೆ ನಿಂತು, ಉಸಿರೆಳೆದುಕೊಂಡಳು.

ಅವರಿಬ್ಬರೂ ಆ ಸಂಜೆ ಸರದಿಯಲ್ಲಿ ಕುರ್ಚಿ ಬದಲಾಯಿಸಿಕೊಂಡು ಕೇಳಿದರು. ಹೊರಡುವಾಗ ಕುಂಞಮ್ಮದ್, "ನೀನು ಫೋನಿನಲ್ಲಿ ಹೇಳಿದ್ದು ನನಗೆ ಎಡಗಿವಿಯಲ್ಲಿ ಬಿತ್ತು. ಹಾಗಾಗಿ ಕೇಳಿಸಲಿಲ್ಲ" ಎಂದರು. ಸಣ್ಣಸ್ವಾಮಿ ಅವರ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಮಳೆ ಮುಗಿದ ಮೇಲೆ ಅವರು ಕಣ್ಣೂರಿಗೆ ಹೋದರು. ಆಮೇಲೆ ಈ ದಾರಿಯಲ್ಲಿ ಅವರ ಕಾರು ಬರಲಿಲ್ಲ.

ಕಿವಿಯ ವಿಷಯವನ್ನು ಅವನು ಯಾರಿಗೂ ಹೇಳಲಿಲ್ಲ. ಗೇಟಿನ ಕೆಲಸದವನಿಗೆ ಕಿವಿ ಮಂದವೆಂದರೆ ಸುಮ್ಮನೆ ನೂರು ಮಾತು. ಆದರೆ ಒಬ್ಬನೇ ಕೂತಾಗ ಹಳೆಯದೆಲ್ಲ ತಿರುಗಿ ನೋಡಿದ. ಎಡಗಡೆಯಿಂದ ನಮಸ್ಕಾರ ಹೇಳಿ ಉತ್ತರ ಸಿಗದೆ ಹೋದ ಡ್ರೈವರುಗಳು ಎಷ್ಟು ಮಂದಿಯೋ. ಮೊದಲೆಲ್ಲ ಗಾಡಿ ನಿಲ್ಲಿಸಿ ಹರಟುತ್ತಿದ್ದವರು ಈಚೆಗೆ ಯಾಕೆ ಬರಿದೆ ಕೈಬೀಸಿ ಹೋಗುತ್ತಾರೆ ಎಂದು ಅವನು ಯೋಚಿಸಿದ್ದುಂಟು. ತಾನು ಊರಿಗೆ ಬೇಡವಾದೆ ಎಂದುಕೊಂಡಿದ್ದ. ಊರು ಕರೆದದ್ದು ಅವನಿಗೆ ಕೇಳಿಸಿರಲಿಲ್ಲ, ಅಷ್ಟೇ. ಅದು ತಿಳಿದ ಮೇಲೂ ಸರಿಮಾಡುವ ದಾರಿ ಅವನಿಗೆ ಹೊಳೆಯಲಿಲ್ಲ. ಲಾರಿಯವರನ್ನು ಒಬ್ಬೊಬ್ಬರಾಗಿ ನಿಲ್ಲಿಸಿ ಏನೆಂದು ಹೇಳುವುದು?

ಸಂಜೆ ಮಾತ್ರ ಬೇರೆಯಾಯಿತು. ಕೆಲಸದಿಂದ ಬಂದು, ಕಾಲು ತೊಳೆದು, ಅನ್ನಕ್ಕಿಟ್ಟು ಕುರ್ಚಿಯಲ್ಲಿ ಕೂರುತ್ತಿದ್ದ. ಅವಳು ಬಂದು ನಿಲ್ಲುತ್ತಿದ್ದಳು. ಅವನು ಅವಳಿಗೆ ಹೆಸರಿಡಲಿಲ್ಲ. ವೀಣಾಳ ಹಾಗೆ ಎಂದೂ ಅಂದುಕೊಳ್ಳಲಿಲ್ಲ. ಕೋಣೆಯಲ್ಲಿ ಇನ್ನೊಬ್ಬರು ನಿಂತಿದ್ದಾರೆ, ಅವರ ಪಾಡಿಗೆ ಅವರು ಹಾಡಿಕೊಂಡಿದ್ದಾರೆ, ತನ್ನಿಂದ ಏನನ್ನೂ ಕೇಳುತ್ತಿಲ್ಲ. ಅಷ್ಟು ಸಾಕಾಗಿತ್ತು. ಅನ್ನ ಎಷ್ಟೋ ಸಲ ಸೀದುಹೋಗುತ್ತಿತ್ತು.

ಸುಗ್ಗಿಯ ಹುತ್ತರಿ ಹಬ್ಬ ಕಳೆದು, ಕಾಫಿ ಹಣ್ಣು ಕೆಂಪಾಗುವ ಹೊತ್ತಿಗೆ ತಿಮ್ಮಪ್ಪಯ್ಯ ಮೇಷ್ಟ್ರು ಮೈಸೂರಿನಿಂದ ಮರಳಿದರು. ಬಂದ ಮರುದಿನವೇ ಫೋನು ಮಾಡಿ, "ಏನು ಮಾರಾಯಾ, ಅರಮನೆಯಷ್ಟು ದೊಡ್ಡ ಸ್ಪೀಕರು ತಂದಿದ್ದೀಯಂತೆ? ಶಕುಂತಲಮ್ಮ ಸಿಕ್ಕಿದ್ರು. ಸಂಜೆ ಬರ್ತೇನೆ" ಎಂದರು.

"ಬನ್ನಿ ಮೇಷ್ಟ್ರೇ, ಬನ್ನಿ" ಎಂದ ಸಣ್ಣಸ್ವಾಮಿ. ಅವನಿಗೆ ಅಷ್ಟು ಸಂತೋಷವಾದದ್ದು ಬಹಳ ಕಾಲದ ಮೇಲೆ. ಗುಡಿಸಿದ, ಕುರ್ಚಿ ಒರೆಸಿದ, ಅಂಗಡಿಗೆ ಹೋಗಿ ಒಳ್ಳೆಯ ಕಾಫಿಪುಡಿ ತಂದ. ಎಲ್ಲ ಆದ ಮೇಲೆ ಆಂಪ್ಲಿಫೈಯರಿನ ಮುಂದೆ ನಿಂತಾಗ ಹೊಳೆಯಿತು. ಮೇಷ್ಟ್ರ ಎರಡು ಕಿವಿಯೂ ಗಟ್ಟಿ. ಈಗಿರುವ ಹಾಗೆ ಹಾಕಿದರೆ ಅವರಿಗೆ ಅವಳು ನಡುವೆ ಕಾಣುವುದಿಲ್ಲ, ಎಡಗಡೆಯ ಪೆಟ್ಟಿಗೆಯಲ್ಲೇ ಕೂತಿರುತ್ತಾಳೆ. ನೆಟ್ಟಗೆ ಮಾಡಿದರೆ ಅವರಿಗೆ ಕಾಣುತ್ತಾಳೆ, ತನಗೆ ಕಾಣುವುದಿಲ್ಲ. ಇಬ್ಬರಿಗೂ ಒಟ್ಟಿಗೆ ಕಾಣುವ ಜಾಗ ಆ ಗುಂಡಿಯಲ್ಲಿ ಎಲ್ಲಿಯೂ ಇರಲಿಲ್ಲ. ಅವನು ಅದನ್ನು ನೆಟ್ಟಗೆ ನಿಲ್ಲಿಸಿದ.

ಮೇಷ್ಟ್ರು ಬಂದರು. ಮೊಮ್ಮಗುವಿನ ವರದಿ ಒಪ್ಪಿಸಿದರು, ಕಾಫಿ ಕುಡಿದರು, ಪೆಟ್ಟಿಗೆಗಳನ್ನು ಸುತ್ತಿ ನೋಡಿ, "ಇದೆಂಥ ಹೊಗೆ ವಾಸನೆ ಮಾರಾಯಾ?" ಎಂದು ಕೇಳಿದರು.

"ಅದೊಂದ್ ಕತೆ. ಆಮೇಲ್ ಹೇಳ್ತೀನಿ. ಮೊದ್ಲು ಕೂತ್ಕಳಿ. ಅಲ್ಲಲ್ಲ, ನೆಟ್ಟಗೆ, ನಡುವಿಗೆ."

"ನೀನೆಲ್ಲಿ ಕೂರ್ತೀ?"

"ನಂಗೆ ಇಲ್ಲಿಂದ್ಲೂ ಕೇಳ್ತದೆ" ಎಂದು ಅವನು ಗೋಡೆಗೊರಗಿ ನಿಂತು ಹಾಡು ಹಾಕಿದ.

ಅವನ ಪಾಲಿಗೆ ದನಿ ಬಲಗಡೆಯ ಪೆಟ್ಟಿಗೆಗೆ ಹೋಗಿ ಸೇರಿಕೊಂಡಿತು. ಅವನು ಅದರ ಕಡೆ ನೋಡಲಿಲ್ಲ, ಮೇಷ್ಟ್ರ ಮುಖವನ್ನೇ ನೋಡುತ್ತಿದ್ದ. ಮೊದಲು ಆ ಮುಖದಲ್ಲಿ ಏನೂ ಇರಲಿಲ್ಲ, ಮರ್ಯಾದೆಗೆ ಕೇಳುವವರ ಮುಖ. ಆಮೇಲೆ ಹುಬ್ಬು ಸ್ವಲ್ಪ ಮೇಲೆದ್ದಿತು. ಕಣ್ಣು ಆ ಪೆಟ್ಟಿಗೆ ಈ ಪೆಟ್ಟಿಗೆ ಎಂದು ಅಲೆಯುತ್ತಿದ್ದದ್ದು ಅಲೆದಾಟ ಬಿಟ್ಟು ನಡುವಿಗೆ ಬಂತು.

"ಬಂದ್ಲಾ ಮೇಷ್ಟ್ರೇ?" ಸಣ್ಣಸ್ವಾಮಿ ಪಿಸುಗುಟ್ಟಿದ.

ಮೇಷ್ಟ್ರು ಬಾಯಿಯ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಿಂದ ಗೋಡೆಯ ಕಡೆ ತೋರಿಸಿದರು, ನಿಂತ ಒಬ್ಬ ಹೆಂಗಸಿನ ಮುಖದ ಎತ್ತರಕ್ಕೆ. ಸಣ್ಣಸ್ವಾಮಿ ಆ ಕಡೆ ನೋಡಿದ. ತಾನು ನಿಂತದ್ದು ಎಲ್ಲಿ ಅಡ್ಡವಾಗುತ್ತದೋ ಎಂದು ಗೋಡೆಗುಂಟ ಒಂದು ಹೆಜ್ಜೆ ಈಚೆಗೆ ಸರಿದು ನಿಂತ.